ಉರಿಯೂತದ ಮರ್ಮವನ್ನರಿತ ಮೆಚ್ನಿಕಾಫ್

ಕಾಲಿಗೆ ಮುಳ್ಳು ನಟ್ಟರೆ ಮುಂದೇನಾಗುವುದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆ ಎಡೆ ಕೆಂಪೇರುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಈ ನಾಲ್ಕನ್ನೂ ಉರಿಯೂತದ ಲಕ್ಷಣಗಳೆಂದು ಬರೆದಿಟ್ಟಿದ್ದ. ಲಕ್ಷಣಗಳನ್ನು ಹೆಸರಿಸುವುದು ಸುಲಭ. ಅವುಗಳ ಅರ್ಥವನ್ನು ತಿಳಿಯುವುದು ಕಷ್ಟ. ಈ ಉರಿ, ಈ ಊತ ದೇಹಕ್ಕೆ ಒದಗಿದ ಕೇಡೇ? ಅಥವಾ ಒದಗಿದ ಕೇಡನ್ನು ಕಳೆಯಲು ದೇಹವೇ ಕೈಗೊಂಡ ಕಾರ್ಯವೇ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ವೈದ್ಯರಲ್ಲಿ ಬಹುಮಂದಿ ಅದನ್ನು ಕೇಡೆಂದೇ ಎಣಿಸಿದ್ದರು. ಅದು ಮೂಲತಃ ರಕ್ಷಣೆಯ ಕಾರ್ಯವೆಂದು ವಾದಿಸಿ, ಆ ವಾದಕ್ಕಾಗಿ ಇಪ್ಪತ್ತೈದು ವರ್ಷ ಹೋರಾಡಿದವನು ವೈದ್ಯನಲ್ಲ. ಕಡಲಿನ ಹುಳುಗಳನ್ನೂ ನಕ್ಷತ್ರಮೀನಿನ ಮರಿಗಳನ್ನೂ ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡುತ್ತಿದ್ದ ಒಬ್ಬ ಪ್ರಾಣಿಶಾಸ್ತ್ರಜ್ಞ. ಅವನೇ ಇಲ್ಯಾ ಮೆಚ್ನಿಕಾಫ್.

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಿನಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿ ಇಂದು ಉಕ್ರೇನಿನಲ್ಲಿರುವ ಖಾರ್ಕಾಫ್ ಸೀಮೆಯ ಒಂದು ಹಳ್ಳಿಯಲ್ಲಿ. ತಂದೆ ಚಕ್ರವರ್ತಿಯ ರಕ್ಷಕಪಡೆಯಲ್ಲಿ ಅಧಿಕಾರಿಯಾಗಿದ್ದವನು. ತಾಯಿ ಎಮಿಲಿಯಾ, ನೆವಖೋವಿಚ್ ಎಂಬ ಯೆಹೂದಿ ಲೇಖಕನ ಮಗಳು. ಮಕ್ಕಳಲ್ಲಿ ಇಲ್ಯಾನೇ ಕಿರಿಯವನು. ಒಂದೆಡೆ ಕೂತಿರಲಾರದ ಹುಡುಗ; ಆದರೆ ಗಿಡಮರಗಳ, ಹುಳುಹುಪ್ಪಟೆಗಳ ವಿಷಯ ಬಂದರೆ ಮಾತ್ರ ತದೇಕಚಿತ್ತನಾಗುತ್ತಿದ್ದ. ತಾನು ಕಲಿತದ್ದನ್ನು ಕೇಳಲೊಪ್ಪಿದ ಮಕ್ಕಳಿಗೆ ತನ್ನ ಕೈಯ ಕಾಸನ್ನು ಕೊಟ್ಟು ಕೂರಿಸಿಕೊಂಡು ಉಪನ್ಯಾಸ ಮಾಡುತ್ತಿದ್ದನಂತೆ. ಖಾರ್ಕಾಫ್ ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, 1864ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಆತ ಜರ್ಮನಿಯ ಕಡೆಗೆ ಹೊರಟ.

ಮುಂದಿನ ಕಥೆಗೆಲ್ಲ ಬೀಜದಂತಿದ್ದ ಒಂದು ನೋಟ ಅವನಿಗೆ ದೊರೆತದ್ದು ಅಲ್ಲಿಯೇ. 1865ರಲ್ಲಿ ಗೀಸೆನ್ ನಗರದಲ್ಲಿ ಆತ ಒಂದು ಬಗೆಯ ಚಪ್ಪಟೆ ಹುಳುವನ್ನು ಪರೀಕ್ಷಿಸುತ್ತಿದ್ದ. ನಮ್ಮಂಥ ಪ್ರಾಣಿಗಳ ಜಠರದಲ್ಲಿ ಜೀವಕೋಶಗಳು ಜೀರ್ಣರಸವನ್ನು ಹೊರಕ್ಕೆ ಸುರಿಯುತ್ತವೆ. ಆ ರಸದಲ್ಲಿರುವ ಕಿಣ್ವಗಳು ಅನ್ನವನ್ನು ಕರಗಿಸುತ್ತವೆ. ಕಿಣ್ವವೆಂದರೆ ಬೇರೊಂದು ವಸ್ತುವನ್ನು ಮಾರ್ಪಡಿಸುವ, ಆ ಕೆಲಸದಲ್ಲಿ ತಾನು ಮಾತ್ರ ಸವೆಯದ ದ್ರವ್ಯ. ಆದರೆ ಆ ಹುಳುವಿನಲ್ಲಿ ಮೆಚ್ನಿಕಾಫ್ ಕಂಡದ್ದು ಬೇರೆ. ಕರುಳಿನ ಜೀವಕೋಶಗಳು ರಸವನ್ನು ಹೊರಕ್ಕೆ ಸುರಿಯುವ ಬದಲು ಆಹಾರದ ಕಣಗಳನ್ನೇ ಒಳಕ್ಕೆಳೆದುಕೊಂಡು ತಮ್ಮ ಒಡಲೊಳಗೇ ಅರಗಿಸಿಕೊಳ್ಳುತ್ತಿದ್ದುವು. ಒಂದೇ ಕೋಶದ ಅಮೀಬ ಉಣ್ಣುವುದೂ ಹೀಗೆಯೇ. ಅತ್ಯಂತ ಸರಳ ಜೀವಿಯ ಈ ಪುರಾತನ ಅಭ್ಯಾಸ ದೊಡ್ಡ ಪ್ರಾಣಿಗಳ ದೇಹದಲ್ಲಿಯೂ ಉಳಿದುಬಂದಿರಬಹುದೇ? ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಉತ್ತರ ಹೊಳೆಯಲು ಹದಿನೇಳು ವರ್ಷ ಬೇಕಾಯಿತು.

ಆ ಹದಿನೇಳು ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. ಕೀರ್ತಿಯೇನೋ ಬೇಗನೆ ಬಂತು. ನೇಪಲ್ಸಿನಲ್ಲಿ ಅಲೆಕ್ಸಾಂಡರ್ ಕೋವಲೆವ್‌ಸ್ಕಿಯ ಸ್ನೇಹವಾಯಿತು. ಬೆನ್ನೆಲುಬಿಲ್ಲದ ಪ್ರಾಣಿಗಳ ಭ್ರೂಣಗಳನ್ನು ಕುರಿತು ಇಬ್ಬರೂ ಮಾಡಿದ ಶೋಧನೆಗೆ 1867ರಲ್ಲಿ ಬೇರ್ ಪಾರಿತೋಷಕ ಸಂದಿತು. 1870ರಲ್ಲಿ ಕಪ್ಪು ಸಮುದ್ರದ ತೀರದ ಒಡೆಸ್ಸಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನ ಪದವಿ ದೊರೆಯಿತು. ಆದರೆ ಮನೆಯೊಳಗೆ ಕತ್ತಲೆ ಕವಿದಿತ್ತು. 1869ರಲ್ಲಿ ಅವನು ಮದುವೆಯಾದ ಲುಡ್ಮಿಲಾ ಕ್ಷಯರೋಗಿ. ಮದುವೆಯ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಗರ್ಜಿಗೆ ಹೊತ್ತು ತರಬೇಕಾಯಿತು. ಬೆಚ್ಚನೆಯ ಹವೆಯನ್ನು ಅರಸಿ ಊರಿಂದೂರಿಗೆ ಕರೆದೊಯ್ದರೂ ಫಲವಾಗಲಿಲ್ಲ. 1873ರಲ್ಲಿ ಮಡೀರಾ ದ್ವೀಪದಲ್ಲಿ ಅವಳು ತೀರಿಕೊಂಡಳು. ಆ ದುಃಖದಲ್ಲಿ ಮೆಚ್ನಿಕಾಫ್ ತನ್ನ ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸಿ, ಬದುಕಿ ಉಳಿದ. ಜಿನೀವಾ ನಗರದಲ್ಲಿ ರೋನ್ ನದಿಯ ಸೇತುವೆಯ ಮೇಲೆ ಹೋಗುತ್ತಿದ್ದಾಗ, ದೀಪವನ್ನು ಮುತ್ತಿದ್ದ ಅಲ್ಪಾಯುಷಿ ಕೀಟಗಳು ಅವನ ಕಣ್ಣಿಗೆ ಬಿದ್ದುವು. ಕೆಲವೇ ಗಂಟೆಗಳ ಆಯುಸ್ಸುಳ್ಳ ಈ ಜೀವಿಗಳಿಗೆ ಡಾರ್ವಿನ್ನನ ನಿಸರ್ಗದ ಆಯ್ಕೆಯ ತತ್ತ್ವ ಹೇಗೆ ಅನ್ವಯಿಸೀತು ಎಂಬ ಯೋಚನೆ ಬಂತು. ಆ ಯೋಚನೆಯೇ ಅವನನ್ನು ಮತ್ತೆ ಬದುಕಿನ ಕಡೆಗೆ ತಿರುಗಿಸಿತು.

1875ರಲ್ಲಿ ಅವನು ಓಲ್ಗಾ ಬೆಲೊಕೊಪಿಟೋವಾಳನ್ನು ಮದುವೆಯಾದ. ಮುಂದೆ ನಾಲ್ವತ್ತು ವರ್ಷಗಳ ಕಾಲ ಅವನಿಗೆ ಜೊತೆಯಾಗಿದ್ದು, ಅವನು ಕಾಲವಾದ ಮೇಲೆ ಅವನ ಜೀವನಚರಿತ್ರೆಯನ್ನು ಬರೆದವಳು ಇವಳೇ. ಆದರೂ ಮನಸ್ಸಿನ ಕಾರ್ಮೋಡ ಪೂರ್ತಿ ಚೆದುರಿರಲಿಲ್ಲ. ಓಲ್ಗಾ ವಿಷಮಶೀತಜ್ವರದಿಂದ ಸಾವಿನ ಅಂಚಿಗೆ ಹೋಗಿಬಂದಳು. 1881ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಹತನಾದ ಬಳಿಕ ವಿಶ್ವವಿದ್ಯಾನಿಲಯಗಳ ಮೇಲೆ ಸರ್ಕಾರದ ಬಿಗಿ ಹೆಚ್ಚಿತು. ಅದೇ ವರ್ಷ ಮೆಚ್ನಿಕಾಫ್ ಮರುಕಳಿಸುವ ಜ್ವರದ ರೋಗಿಯೊಬ್ಬನ ರಕ್ತವನ್ನು ತನಗೇ ಚುಚ್ಚಿಕೊಂಡ. ಆ ರೋಗ ರಕ್ತದ ಮೂಲಕ ಹರಡುವುದೇ ಎಂಬ ಜಿಜ್ಞಾಸೆ ಎಷ್ಟೋ, ಬದುಕಿನ ಬೇಸರವೂ ಅಷ್ಟೇ ಅದಕ್ಕೆ ಕಾರಣ. ಕಠಿಣವಾಗಿ ಕಾಯಿಲೆ ಬಿದ್ದು ಎದ್ದ. ಎದ್ದವನು ಬೇರೆ ಮನುಷ್ಯನಾಗಿದ್ದ; ಬದುಕಿನಲ್ಲಿ ಅವನಿಗೆ ಹೊಸ ರುಚಿ ಹುಟ್ಟಿತ್ತು. 1882ರಲ್ಲಿ ಒಡೆಸ್ಸಾದ ಪದವಿಗೆ ರಾಜೀನಾಮೆ ಕೊಟ್ಟು, ಹೆಂಡತಿಯನ್ನೂ ಅವಳ ಎಳೆಯ ತಮ್ಮತಂಗಿಯರನ್ನೂ ಕರೆದುಕೊಂಡು ಸಿಸಿಲಿ ದ್ವೀಪದ ಮೆಸ್ಸೀನಾ ನಗರಕ್ಕೆ ಹೋದ.

ಆ ವರ್ಷದ ಕೊನೆಯಲ್ಲಿ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಕೋತಿಗಳ ಆಟ ನೋಡಲು ಹೋಗಿದ್ದರು. ಮೆಚ್ನಿಕಾಫ್ ಒಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದ. ಅವುಗಳ ಮೈ ಗಾಜಿನಂತೆ ಪಾರದರ್ಶಕ. ಒಳಗೆ ಅತ್ತಿತ್ತ ಚಲಿಸುವ ಜೀವಕೋಶಗಳು ಹೊರಗಿನಿಂದಲೇ ಕಾಣುತ್ತವೆ. ಈ ಅಲೆಮಾರಿ ಕೋಶಗಳು ಆಹಾರವನ್ನು ನುಂಗುವಂತೆ ಹೊರಗಿನಿಂದ ನುಗ್ಗಿದ ಶತ್ರುವನ್ನೂ ಏಕೆ ನುಂಗಬಾರದು? ಹಾಗೆ ನುಂಗುವುದಾದರೆ, ಮೈಗೆ ಚುಚ್ಚಿದ ಮುಳ್ಳಿನ ಸುತ್ತ ಅವು ಬಂದು ನೆರೆಯಬೇಕಲ್ಲವೇ? ಯೋಚನೆ ಬಂದೊಡನೆ ಆತ ತೋಟಕ್ಕೆ ಹೋಗಿ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ತೊಗಲಿನಡಿಗೆ ಚುಚ್ಚಿಟ್ಟ. ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದಾಗ ಪ್ರತಿಯೊಂದು ಮುಳ್ಳನ್ನೂ ಅಲೆಮಾರಿ ಕೋಶಗಳು ಮುತ್ತಿಕೊಂಡಿದ್ದುವು.

ಈ ನೋಟದ ಮಹತ್ತ್ವವನ್ನು ತಿಳಿಯಬೇಕಾದರೆ ಅಂದಿನ ವೈದ್ಯಶಾಸ್ತ್ರದ ನಿಲುವನ್ನು ನೆನೆಯಬೇಕು. ರಕ್ತದ ಬಿಳಿಯ ಕಣಗಳು ನಾಳಗಳ ಗೋಡೆಯನ್ನು ದಾಟಿ ಉರಿಯೂತದ ಎಡೆಗೆ ಬರುತ್ತವೆಂಬುದನ್ನು ಕೋನ್‌ಹೈಮ್ 1867ರಲ್ಲಿಯೇ ತೋರಿಸಿದ್ದ. ಆದರೆ ನಾಳಗಳು ಕೆಟ್ಟು ಸೋರುವುದೇ ಉರಿಯೂತದ ಮೂಲವೆಂದು ಅವನ ಮತ. ಬಿಳಿಯ ಕಣಗಳೊಳಗೆ ರೋಗಾಣುಗಳನ್ನು ಕಂಡವರೂ ಇದ್ದರು. ರೋಗಾಣುಗಳು ಆ ಕಣಗಳನ್ನೇ ವಾಹನ ಮಾಡಿಕೊಂಡು ಮೈಯೆಲ್ಲ ಸಂಚರಿಸುತ್ತವೆಂದು ಅವರು ತಿಳಿದಿದ್ದರು. ಆದರೆ ನಕ್ಷತ್ರಮೀನಿನ ಮರಿಯಲ್ಲಿ ರಕ್ತನಾಳವೇ ಇಲ್ಲ. ಆದರೂ ಮುಳ್ಳಿನ ಸುತ್ತ ಕೋಶಗಳು ನೆರೆದಿದ್ದುವು. ಹಾಗಾದರೆ ನಾಳದ ಕೇಡು ಉರಿಯೂತದ ತಿರುಳಾಗಲಾರದು. ಕೋಶಗಳು ನೆರೆಯುವುದೇ ಅದರ ತಿರುಳು. ಆಗ ಮೆಸ್ಸೀನಾಕ್ಕೆ ಬಂದಿದ್ದ ರೋಗಶಾಸ್ತ್ರದ ಹಿರಿಯ ಫಿರ್ಖೋ ಈ ಪ್ರಯೋಗಗಳನ್ನು ನೋಡಿ ಮೆಚ್ಚಿದ. ಪ್ರಚಲಿತ ಮತಕ್ಕೆ ವಿರುದ್ಧವಾದ ಮಾತಾದುದರಿಂದ ಎಚ್ಚರದಿಂದ ನಡೆಯಬೇಕೆಂದೂ ಹೇಳಿದ. ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕ್ಲೌಸ್ ಈ ಕೋಶಗಳಿಗೆ ಗ್ರೀಕ್ ಮೂಲದ ಫ್ಯಾಗೋಸೈಟ್ ಎಂಬ ಹೆಸರನ್ನು ಸೂಚಿಸಿದ. ಕನ್ನಡದಲ್ಲಿ ಭಕ್ಷಕ ಕೋಶವೆನ್ನಬಹುದು. 1884ರಲ್ಲಿ ಮೆಚ್ನಿಕಾಫ್ ಇನ್ನೊಂದು ಸಾಕ್ಷ್ಯವನ್ನು ಮುಂದಿಟ್ಟ. ಡಾಫ್ನಿಯಾ ಎಂಬ ಸಣ್ಣ ನೀರುಚಿಗಟದ ಮೈಯೊಳಕ್ಕೆ ಸೂಜಿಯಂಥ ಯೀಸ್ಟಿನ ಬೀಜಕಗಳು ಹೊಕ್ಕಾಗ, ಭಕ್ಷಕ ಕೋಶಗಳು ಗೆದ್ದರೆ ಚಿಗಟ ಬದುಕುತ್ತಿತ್ತು, ಸೋತರೆ ಸಾಯುತ್ತಿತ್ತು. ರೋಗವೆಂಬುದು ಎರಡು ಜೀವಿಗಳ ಕಾಳಗವೆಂಬುದನ್ನು ಕಣ್ಣಾರೆ ಕಾಣಬಹುದಾಯಿತು.

ಪಾಸ್ತರನ ಹುಚ್ಚುನಾಯಿರೋಗದ ಚಿಕಿತ್ಸೆ ಹೆಸರುವಾಸಿಯಾದಂತೆ, 1886ರಲ್ಲಿ ಒಡೆಸ್ಸಾದಲ್ಲಿಯೂ ಒಂದು ಪ್ರಯೋಗಶಾಲೆ ಏರ್ಪಟ್ಟು ಮೆಚ್ನಿಕಾಫ್ ಅದರ ಮುಖ್ಯನಾದ. ಅವನು ವೈದ್ಯನಲ್ಲವೆಂದು ಊರಿನ ವೈದ್ಯರು ಮೂಗುಮುರಿದರು. ಅಲ್ಲಿಂದ ಕಳುಹಿಸಿದ ಲಸಿಕೆಯಿಂದ ಕುರಿಗಳು ಸತ್ತು ಅಪವಾದವೂ ಬಂತು. ಬೇಸತ್ತು ಪಶ್ಚಿಮಕ್ಕೆ ಮುಖಮಾಡಿದ. ಬರ್ಲಿನ್ನಿನಲ್ಲಿ ಕಾಖ್ ಅವನನ್ನು ತಣ್ಣಗೆ ಕಂಡ. ಪ್ಯಾರಿಸ್ಸಿನಲ್ಲಿ ಪಾಸ್ತರ್ ಆದರದಿಂದ ಬರಮಾಡಿಕೊಂಡ. 1888ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದ ಮೆಚ್ನಿಕಾಫ್ ಕೊನೆಯವರೆಗೂ ಅಲ್ಲಿಯೇ ಉಳಿದ. ಒಡೆಸ್ಸಾದಲ್ಲಿ ಅವನ ಶಿಷ್ಯನಾಗಿದ್ದ ಹಾಫ್‌ಕಿನ್ ಕೂಡ ಮರುವರ್ಷ ಅದೇ ಸಂಸ್ಥೆಗೆ ಬಂದ. ಮುಂದೆ ಭಾರತಕ್ಕೆ ಬಂದು 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿದವನು ಇವನೇ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕಾಗ ಆ ಊರಿನ ಸಾವಿರಾರು ಜನ ಚುಚ್ಚಿಸಿಕೊಂಡದ್ದು ಆ ಲಸಿಕೆಯನ್ನೇ.

1891ರಲ್ಲಿ ಮೆಚ್ನಿಕಾಫ್ ಪ್ಯಾರಿಸ್ಸಿನಲ್ಲಿ ಉರಿಯೂತವನ್ನು ಕುರಿತು ಸಾಲುಪನ್ಯಾಸಗಳನ್ನು ಮಾಡಿದ. ಮರುವರ್ಷ ಅವು ಗ್ರಂಥವಾಗಿ ಬಂದುವು. ಅವನ ಹಾದಿ ಸರಳ. ಒಂದೇ ಕೋಶದ ಜೀವಿಯಿಂದ ತೊಡಗಿ ಸ್ಪಂಜು, ಹುಳು, ನಕ್ಷತ್ರಮೀನು, ಕಪ್ಪೆಗಳನ್ನು ದಾಟಿ ಮನುಷ್ಯನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಪ್ರತಿ ಮೆಟ್ಟಿಲಿನಲ್ಲಿಯೂ ಗಾಯಕ್ಕೆ ದೇಹ ಹೇಗೆ ಉತ್ತರ ಕೊಡುತ್ತದೆಂದು ನೋಡುವುದು. ರಕ್ತನಾಳಗಳೂ ನರಗಳೂ ಈ ಏಣಿಯಲ್ಲಿ ತಡವಾಗಿ ಬರುತ್ತವೆ. ಭಕ್ಷಕ ಕೋಶ ಮೊದಲ ಮೆಟ್ಟಿಲಿನಿಂದಲೂ ಇದೆ. ಆದುದರಿಂದ ಕೆಂಪು, ಬಿಸಿ, ಊತಗಳೆಲ್ಲ ಭಕ್ಷಕ ಕೋಶಗಳನ್ನು ಸ್ಥಳಕ್ಕೆ ತಲುಪಿಸುವ ಸಾಧನಗಳು ಮಾತ್ರ ಎಂದು ಅವನ ಸಿದ್ಧಾಂತ.

ನುಂಗಿದ ಮೇಲೆ ಏನಾಗುತ್ತದೆ? ಇಲ್ಲಿ ಗೀಸೆನ್ನಿನ ಹುಳು ಮತ್ತೆ ಅವನಿಗೆ ದಾರಿ ತೋರಿಸಿತು. ಏಕಕೋಶ ಜೀವಿಗಳಿಗೆ ನೀಲಿ ಲಿಟ್ಮಸ್ಸಿನ ಕಣಗಳನ್ನು ಉಣಿಸಿ, ಅವು ಒಡಲೊಳಗೆ ಕೆಂಪಾಗುವುದನ್ನು ಕಂಡು, ಅಲ್ಲಿ ಆಮ್ಲವಿದೆಯೆಂದು ತಿಳಿದ. ಬಿಳಿಯ ಕಣಗಳಲ್ಲಿಯೂ ರೋಗಾಣುಗಳನ್ನು ಅರಗಿಸುವ ಕಿಣ್ವಗಳಿವೆಯೆಂದು ವಾದಿಸಿ, ಅವುಗಳನ್ನು ಸೈಟೇಸ್‌ಗಳೆಂದು ಕರೆದ. ರೋಗನಿರೋಧ ಅವನ ದೃಷ್ಟಿಯಲ್ಲಿ ಜೀರ್ಣಕ್ರಿಯೆಯ ಒಂದು ಅಧ್ಯಾಯ.

ವಿರೋಧಿಗಳು ಸುಮ್ಮನಿರಲಿಲ್ಲ. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೋ ಕೋಶಗಳಿಲ್ಲದ ರಕ್ತದ್ರವವೇ ರೋಗವಿಷವನ್ನು ಅಡಗಿಸಬಲ್ಲುದೆಂದು ತೋರಿಸಿದರು. 1894ರಲ್ಲಿ ಫೈಫರ್, ಕಾಲರಾ ರೋಗಾಣುಗಳು ಕೋಶಗಳ ಹೊರಗೇ ಕರಗುವುದನ್ನು ತೋರಿಸಿದ. ಮೆಚ್ನಿಕಾಫ್ ಪ್ರತಿಯೊಂದು ಆಕ್ಷೇಪಕ್ಕೂ ಹೊಸ ಪ್ರಯೋಗದಿಂದ ಉತ್ತರ ಕೊಡಲು ಹೆಣಗಿದ. ಅವನ ಸ್ವಂತ ಪ್ರಯೋಗಶಾಲೆಯಲ್ಲಿಯೇ ದುಡಿಯುತ್ತಿದ್ದ ತರುಣ ಬೋರ್ಡೆ, 1895ರಲ್ಲಿ ರಕ್ತದ್ರವದ ಆ ಶಕ್ತಿಯನ್ನು ಎರಡು ಅಂಶಗಳಾಗಿ ಬೇರ್ಪಡಿಸಿ ಎದುರುಪಕ್ಷಕ್ಕೇ ಬಲ ತಂದ. ಗುರು ಆ ಶೋಧನೆಯನ್ನು ತಡೆಯಲಿಲ್ಲ. ಆದರೆ ಆ ದ್ರವ್ಯ ಮೂಲತಃ ಕೋಶದ ಸೈಟೇಸ್, ಕೋಶ ಒಡೆದಾಗ ಹೊರಬಂದದ್ದು ಎಂಬ ತನ್ನ ವಾದವನ್ನು ಬಿಡಲೂ ಇಲ್ಲ. ಈ ಅಂಶದಲ್ಲಿ ಅವನು ಎಡವಿದನೆಂಬುದು ಕಾಲಾಂತರದಲ್ಲಿ ತಿಳಿಯಿತು. 1903ರಲ್ಲಿ ಲಂಡನ್ನಿನ ರೈಟ್ ಮತ್ತು ಡಗ್ಲಸ್, ರಕ್ತದ್ರವದ ದ್ರವ್ಯಗಳು ರೋಗಾಣುಗಳಿಗೆ ಅಂಟಿ ಅವುಗಳನ್ನು ಭಕ್ಷಕ ಕೋಶಗಳ ಬಾಯಿಗೆ ಒದಗಿಸಿಕೊಡುತ್ತವೆಂದು ತೋರಿಸಿದಾಗ ಎರಡು ಪಕ್ಷಗಳಿಗೂ ಸಂಧಿಯ ದಾರಿ ತೆರೆಯಿತು. 1908ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಕೋಶಪಕ್ಷದ ಮೆಚ್ನಿಕಾಫನಿಗೂ ದ್ರವಪಕ್ಷದ ಏರ್ಲಿಖನಿಗೂ ಹಂಚಿಕೊಟ್ಟದ್ದು ನ್ಯಾಯವಾಗಿಯೇ ಇತ್ತು.

ಭಕ್ಷಕ ಕೋಶವನ್ನು ರಕ್ಷಕನೆಂದು ಸಾರಿದವನು ಅದರ ಇನ್ನೊಂದು ಮುಖವನ್ನೂ ಕಾಣದಿರಲಿಲ್ಲ. ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲವನ್ನು ತಿಂದು ಕರಗಿಸುವುದು ಇವೇ ಕೋಶಗಳೆಂದು ಅವನು ತೋರಿಸಿದ್ದ. ಶತ್ರುವಲ್ಲದ ಸ್ವಂತ ದೇಹವನ್ನೂ ಇವು ತಿನ್ನಬಲ್ಲುವು. ಬಾಲದ ವಿಷಯದಲ್ಲಿ ಅದು ಸಕಾಲಿಕ, ಅಕಾಲದಲ್ಲಿ ಹಾಗಾದರೆ? ಮುದಿತನವೆಂದರೆ ಮ್ಯಾಕ್ರೋಫೇಜ್‌ಗಳೆಂದು ತಾನೇ ಹೆಸರಿಟ್ಟ ದೊಡ್ಡ ಭಕ್ಷಕ ಕೋಶಗಳು ಮಿದುಳಿನ ಕೋಶಗಳನ್ನೂ ಕೂದಲಿನ ಬಣ್ಣವನ್ನೂ ಕಬಳಿಸುವುದೇ ಎಂದು ಅವನು ಊಹಿಸಿದ. ಅವುಗಳನ್ನು ಹಾಗೆ ಕೆರಳಿಸುವುದು ದೊಡ್ಡ ಕರುಳಿನಲ್ಲಿ ಕೊಳೆಯುವ ಪದಾರ್ಥದ ವಿಷವೆಂದು ಬಗೆದು, ಅದನ್ನು ತಡೆಯಲು ಬಲ್ಗೇರಿಯದ ಮೊಸರಿನ ಸೂಕ್ಷ್ಮಜೀವಿಗಳಿಂದ ಹುಳಿ ಬರಿಸಿದ ಹಾಲನ್ನು ದಿನವೂ ಕುಡಿಯತೊಡಗಿದ. ಮೊಸರಿನ ಮಾತು ಯೂರೋಪಿನಲ್ಲೆಲ್ಲ ಹಬ್ಬಿ, ಭಕ್ಷಕ ಕೋಶದ ಹೆಸರನ್ನೇ ಕೇಳದವರಿಗೂ ಮೆಚ್ನಿಕಾಫನ ಹೆಸರು ಪರಿಚಯವಾಯಿತು. ಮುಪ್ಪನ್ನು ಕುರಿತ ಆ ಊಹೆ ಅವನು ಹೇಳಿದ ರೂಪದಲ್ಲಿ ನಿಲ್ಲಲಿಲ್ಲ. ಆದರೆ ಕಾಯುವವನೇ ಮನೆಯನ್ನು ಸುಡಬಹುದು ಎಂಬ ಅದರೊಳಗಿನ ಶಂಕೆ ಸುಳ್ಳಾಗಲಿಲ್ಲ.

ಒಮ್ಮೆ ಬದುಕನ್ನೇ ಒಲ್ಲೆನೆಂದಿದ್ದವನು ಈಗ ದೀರ್ಘಾಯುಸ್ಸಿನ ಪ್ರತಿಪಾದಕನಾಗಿ 1903ರಲ್ಲಿಯೂ 1907ರಲ್ಲಿಯೂ ಆಶಾವಾದದ ಗ್ರಂಥಗಳನ್ನು ಬರೆದ. 1909ರಲ್ಲಿ ಟಾಲ್‌ಸ್ಟಾಯಿಯನ್ನು ಅವನ ಹಳ್ಳಿಯಲ್ಲಿ ಕಂಡು ಬಂದ. ಮೊದಲನೆಯ ಮಹಾಯುದ್ಧ ಬಂದಾಗ ಸಂಸ್ಥೆಯ ತರುಣರು ಸೈನ್ಯಕ್ಕೆ ಹೋಗಿ ಪ್ರಯೋಗಶಾಲೆ ಬರಿದಾಯಿತು. ಹೃದಯದ ರೋಗವೂ ಬಲಿಯಿತು. 1916ರ ಜುಲೈ ತಿಂಗಳಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನ ಚಿತಾಭಸ್ಮವನ್ನು ಪಾಸ್ತರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಿದರು.

ಮೆಚ್ನಿಕಾಫ್ ಊಹಿಸಿದ ಕಿಣ್ವಗಳು ಮುಂದೆ ಒಂದೊಂದಾಗಿ ಕೈಗೆ ಸಿಕ್ಕುವು. 1922ರಲ್ಲಿ ಫ್ಲೆಮಿಂಗ್ ರೋಗಾಣುಗಳ ಹೊರಗೋಡೆಯನ್ನು ಒಡೆಯುವ ಲೈಸೋಜೈಮನ್ನು ಕಂಡುಹಿಡಿದ. 1955ರಲ್ಲಿ ಡಿ ಡೂವ್, ಜೀರ್ಣಕಿಣ್ವಗಳನ್ನು ತುಂಬಿಕೊಂಡ ಲೈಸೋಸೋಮ್ ಎಂಬ ಕಿರುಚೀಲಗಳು ಕೋಶದೊಳಗಿವೆಯೆಂದು ತೋರಿಸಿದ. ಆದರೆ ಅರಗಿಸುವ ಕಿಣ್ವಗಳಷ್ಟೇ ಅಲ್ಲ, ಅಪ್ಪಣೆ ಹೊರಡಿಸುವ ಕಿಣ್ವಗಳೂ ಕೋಶದಲ್ಲಿವೆಯೆಂಬುದು ಆಮೇಲೆ ತಿಳಿದ ಸಂಗತಿ. ರೋಗಾಣುವಿನ ಗುರುತು ಭಕ್ಷಕ ಕೋಶದ ಮೈಗೆ ತಾಗಿದೊಡನೆ ಒಳಗೆ ಕೈನೇಸ್ ಎಂಬ ಕಿಣ್ವಗಳು ಎಚ್ಚೆತ್ತು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಫಾಸ್ಫೇಟಿನ ಮುದ್ರೆಯೊತ್ತುತ್ತ ಸುದ್ದಿಯನ್ನು ಸಾಗಿಸುತ್ತವೆ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಮಾಮೂಲು ಕಾಲದಲ್ಲಿ ಇನ್ನೊಂದು ಪ್ರೋಟೀನು ಕಟ್ಟಿಹಾಕಿರುತ್ತದೆ. ಮುದ್ರೆ ಬಿದ್ದ ಕೂಡಲೇ ಆ ಕಟ್ಟು ನಾಶವಾಗಿ, ಬಿಡುಗಡೆಯಾದ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು ಉರಿಯೂತದ ಸಂದೇಶಗಳನ್ನು ತಯಾರಿಸುವ ಜೀನುಗಳನ್ನು ಎಬ್ಬಿಸುತ್ತದೆ. ಕ್ಯಾಸ್ಪೇಸ್-1 ಎಂಬ ಕಿಣ್ವ ಅಂಥ ಒಂದು ಸಂದೇಶವನ್ನು ಕತ್ತರಿಸಿ ಹದಗೊಳಿಸಿದ ಮೇಲೆಯೇ ಅದಕ್ಕೆ ಶಕ್ತಿ ಬರುತ್ತದೆ. ಹೀಗೆ ಒಂದು ಕೋಶದ ಕೂಗು ಸಾವಿರ ಕೋಶಗಳಿಗೆ ಮುಟ್ಟುತ್ತದೆ. ಮುಳ್ಳಿನ ಸುತ್ತ ಪಡೆ ನೆರೆಯುತ್ತದೆ.

ಹೊತ್ತಿಸುವ ಕಿಣ್ವಗಳಿರುವಂತೆ ನಂದಿಸುವ ಕಿಣ್ವಗಳೂ ಇವೆ. ಫಾಸ್ಫಟೇಸ್‌ಗಳು ಒತ್ತಿದ ಮುದ್ರೆಯನ್ನು ಅಳಿಸುತ್ತವೆ. ಎ-20 ಎಂಬ ಕಿಣ್ವ ಅಪ್ಪಣೆಯ ಸರಪಳಿಯನ್ನು ನಡುವೆ ತುಂಡರಿಸುತ್ತದೆ. ಇದಿಲ್ಲದೆ ಹುಟ್ಟಿದ ಇಲಿಗಳು ಆರದ ಉರಿಯೂತದಿಂದ ಎಳೆಯದರಲ್ಲಿಯೇ ಸತ್ತುವೆಂದು 2000ದಲ್ಲಿ ವರದಿಯಾಯಿತು. ನೋವು ಊತಗಳನ್ನು ತರುವ ದ್ರವ್ಯವನ್ನು ತಯಾರಿಸುವ ಕಿಣ್ವವನ್ನೇ ಆಸ್ಪಿರಿನ್ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದ. ಕೀಲುಗಳನ್ನು ತಿಂದುಹಾಕುವ ಸಂಧಿವಾತಕ್ಕೆ ಕೈನೇಸ್‌ಗಳನ್ನು ತಡೆಯುವ ಮದ್ದುಗಳು ಈ ಶತಮಾನದಲ್ಲಿ ಬಂದಿವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಮೆಚ್ನಿಕಾಫನಿಗೆ ಮೆಚ್ಚುಗೆಯಾಗುತ್ತಿದ್ದ ಸಂಗತಿ ಇನ್ನೊಂದಿದೆ. ಕಾಳಗ ಮುಗಿದ ಮೇಲೆ, ಸತ್ತ ಬಿಳಿಯ ಕಣಗಳನ್ನು ಮ್ಯಾಕ್ರೋಫೇಜ್‌ಗಳು ಬಂದು ನುಂಗುತ್ತವೆ; ನುಂಗಿದ ಮ್ಯಾಕ್ರೋಫೇಜ್ ತನ್ನ ಕೂಗನ್ನು ಬದಲಿಸಿ, ಉರಿಯನ್ನು ಆರಿಸಿ ಗಾಯವನ್ನು ಕೂಡಿಸುವ ಸಂದೇಶಗಳನ್ನು ಹೊರಡಿಸುತ್ತದೆ.

ಮುಳ್ಳು ನಟ್ಟ ಎಡೆಯಲ್ಲಿ ಉರಿ ಏಳದಿದ್ದರೆ ದೇಹ ಸೋತಂತೆ. ಎದ್ದ ಉರಿ ಆರದಿದ್ದರೂ ಸೋತಂತೆಯೇ. ಇವುಗಳಲ್ಲಿ ಮೊದಲನೆಯದನ್ನು ಲೋಕಕ್ಕೆ ಒಪ್ಪಿಸಲು ಮೆಚ್ನಿಕಾಫ್ ತನ್ನ ಆಯುಸ್ಸನ್ನು ಸವೆಸಿದ. ಎರಡನೆಯದನ್ನು ಅವನು ದೂರದಿಂದ ಕಂಡು ಮುಪ್ಪಿನ ಹೆಸರಿನಲ್ಲಿ ತಡವರಿಸುತ್ತ ಹೇಳಿದ. ಇಂದಿನ ವಿಜ್ಞಾನಿಗಳು ಕಿಣ್ವಗಳ ನಡುವೆ ಹುಡುಕುತ್ತಿರುವುದು, ಎಂದು ಏಳಬೇಕು ಎಂದು ಆರಬೇಕು ಎಂಬುದನ್ನು ಆ ಭಕ್ಷಕ ಕೋಶಕ್ಕೆ ತಿಳಿಸಿಕೊಡುವ ಬಗೆಯನ್ನೇ.